ಹಳೆ ಮನೆ ನೋಡಲು ಒಂದು ದಿನ: ಕೊಡಗಿಗೆ ಗುಂಪಾಗಿ ಹೋಗುವುದು ಹೇಗೆ?

ಮಣಿಪಾಲದಲ್ಲಿ ಹಳೆಯ ಮನೆಗಳನ್ನು ಬಿಚ್ಚಿ ತಂದು, ಒಂದೇ ಆವರಣದಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಕೊಡಗಿನಲ್ಲಿ ಹಾಗಲ್ಲ. ಇಲ್ಲಿ ಕಟ್ಟಡಗಳು ಕಟ್ಟಿದ ಜಾಗದಲ್ಲೇ ಇವೆ. ಕೆಲವದರಲ್ಲಿ ದಿನವೂ ಪೂಜೆ ನಡೆಯುತ್ತದೆ, ಕೆಲವದರಲ್ಲಿ ಮನೆಯವರು ಇದ್ದಾರೆ. ಹಾಗಾಗಿ ಇಲ್ಲಿಗೆ ಬರುವ ಮೊದಲು ಮಾಡಬೇಕಾದ ದೊಡ್ಡ ಕೆಲಸವೇ ಕೇಳಿಕೊಳ್ಳುವುದು.

ಒಂದು: ದಿನ, ಜನ, ಗಾಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಮಳೆ, ಜಿಗಣೆ ಎರಡೂ ಜಾಸ್ತಿ. ಸೋಮವಾರವೂ ಬೇಡ, ಸರ್ಕಾರಿ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಅಂದು ರಜೆ. ಹನ್ನೆರಡು ಹದಿನೈದು ಜನ ಇದ್ದರೆ ಸಾಕು, ಒಂದು ಟಿಟಿಯಲ್ಲಿ, ಅಂದರೆ ಟೆಂಪೊ ಟ್ರಾವೆಲರ್‌ನಲ್ಲಿ ಹಿಡಿಸುತ್ತಾರೆ. ದೊಡ್ಡ ಬಸ್ ತಂದರೆ ಮಧ್ಯಾಹ್ನ ನಾಲ್ಕುನಾಡು ಅರಮನೆಗೆ ಹೋಗುವಾಗ ಕಕ್ಕಬ್ಬೆ ಕಡೆಯ ತಿರುವುಗಳಲ್ಲಿ ಕಷ್ಟ.

ಎರಡು: ಐನ್‌ಮನೆಗೆ ಮೊದಲೇ ಫೋನ್ ಮಾಡಿ

ಇದನ್ನು ಕನಿಷ್ಠ ಎರಡು ವಾರ ಮುಂಚೆ ಮಾಡಬೇಕು. ಐನ್‌ಮನೆ ಅಂದರೆ ಒಂದು ಒಕ್ಕದ, ಅಂದರೆ ಒಂದೇ ಮೂಲದ ಕುಟುಂಬಗಳೆಲ್ಲದರ ಹಿರಿಮನೆ. ಪರಿಚಯದವರ ಮೂಲಕ ಒಕ್ಕದ ಪಟ್ಟೆದಾರರನ್ನೋ, ಅಂದರೆ ಯಜಮಾನರನ್ನೋ, ಆ ಮನೆಯಲ್ಲಿರುವ ಹಿರಿಯರನ್ನೋ ಕೇಳಿ. ಎಷ್ಟು ಜನ, ಎಷ್ಟು ಹೊತ್ತಿಗೆ, ಫೋಟೊ ತೆಗೆಯಬಹುದಾ ಎಂದು ಸ್ಪಷ್ಟವಾಗಿ ಹೇಳಿ. ಪುತ್ತರಿ, ಅಂದರೆ ಕೊಡಗಿನ ಸುಗ್ಗಿ ಹಬ್ಬದ ಸಮಯದಲ್ಲಿ ಕೇಳಲೇಬೇಡಿ. ಅವತ್ತು ಮನೆ ತುಂಬ ಅವರದೇ ಜನ ಇರುತ್ತಾರೆ.

ಹೋದ ಮೇಲೆ ಚಪ್ಪಲಿ ಅಂಗಳದಲ್ಲೇ ಬಿಡಿ. ಮೊದಲು ಸಿಗುವುದು ಕೈಯಾಲೆ, ಅಂದರೆ ಜಗಲಿ. ಅಲ್ಲಿ ಕಂಬದಿಂದ ಕಂಬಕ್ಕೆ ಹಾಕಿದ ದಪ್ಪ ಹಲಗೆಗೆ ಐಮರ ಎನ್ನುತ್ತಾರೆ. ಅದು ಹಿರಿಯರು ಕೂರುವ ಜಾಗ, ‘ಕೂರಿ’ ಎನ್ನುವವರೆಗೆ ನಿಂತೇ ಇರಿ. ಒಳಗೆ ನೆಲ್ಲಕ್ಕಿ ನಡುಬಾಡೆ, ಅಂದರೆ ನಡುಮನೆ. ಅಲ್ಲಿ ತೂಗುವ ದೀಪದ ಮುಂದೆ ಆ ಮನೆಯವರು ಕಾರಣರನ್ನು, ಅಂದರೆ ತಮ್ಮ ಪೂರ್ವಜರನ್ನು ನೆನೆಯುತ್ತಾರೆ. ಮನೆ ಹತ್ತಿರವೇ ಕೈಮಡ ಎಂಬ ಪುಟ್ಟ ಗುಡಿ ಇರುತ್ತದೆ, ಅದೂ ಕಾರಣರದ್ದೇ. ಮನೆಯವರು ಕರೆದುಕೊಂಡು ಹೋದರೆ ಮಾತ್ರ ಅಲ್ಲಿಗೆ ಹೋಗಿ. ಹೋದ ವರ್ಷ ನಮ್ಮ ಗುಂಪಿನವರೊಬ್ಬರು ಕೇಳದೆ ಒಳಕೋಣೆಗೆ ಕ್ಯಾಮೆರಾ ಹಿಡಿದರು. ಆ ಮನೆಯ ಅಜ್ಜಿ ಏನೂ ಅನ್ನಲಿಲ್ಲ, ಸುಮ್ನೆ ಎದ್ದು ಬಾಗಿಲು ಎಳೆದುಕೊಂಡರು. ನನಗೆ ಇವತ್ತಿಗೂ ಬೇಜಾರಿದೆ.

ಮೂರು: ಬೆಳಗ್ಗೆ ಮಡಿಕೇರಿ

ಓಂಕಾರೇಶ್ವರದಿಂದ ಶುರು ಮಾಡಿ. ಕೊಡಗಿನ ರಾಜ ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ದೇವಸ್ಥಾನ. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು, ಎದುರಿಗೆ ಕೆರೆ. ಕಿಟಕಿಯ ಸರಳುಗಳಲ್ಲಿ ರಾಜನ ಹೆಸರಿನ ಮೊದಲ ಅಕ್ಷರ ‘ಲಿಂ’ ಇದೆ. ಜೊತೆಯ ಮಕ್ಕಳಿಗೆ ಅದನ್ನು ಹುಡುಕಲು ಹೇಳಿ.

ಅಲ್ಲಿಂದ ಕೋಟೆ. ಮೊದಲು ಮಣ್ಣಿನದಾಗಿತ್ತು, ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿದ. ಒಳಗೆ ಅರಮನೆ, ಗಾರೆಯ ಎರಡು ಆನೆಗಳು, 1859ರ ಚರ್ಚ್. ಆ ಚರ್ಚ್ ಈಗ ಮ್ಯೂಸಿಯಂ. ಒಂದು ಗಂಟೆ ಸಾಕು.

ಗದ್ದುಗೆಗೆ ಮಾತ್ರ ಸಮಯ ಕೊಡಿ. ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರರ ಸಮಾಧಿಗಳಿವು. ದೂರದಿಂದ ಮಸೀದಿ ಅನ್ನಿಸುತ್ತದೆ. ಹತ್ತಿರ ಹೋಗಿ ತಲೆ ಎತ್ತಿದರೆ ಮೂಲೆಗಳಲ್ಲಿ ನಂದಿ ಕೂತಿದೆ! ರಾಜರು ಲಿಂಗಾಯತರು, ಗುಮ್ಮಟ ಮಾತ್ರ ಮುಸ್ಲಿಂ ಕಟ್ಟಡಗಳ ಶೈಲಿಯದು. ಬೆಳಗ್ಗೆ ದೇವಸ್ಥಾನದಲ್ಲಿ ನೋಡಿದ ಗುಮ್ಮಟವನ್ನು ಇಲ್ಲಿ ನೆನಪಿಸಿಕೊಳ್ಳಿ. ಎರಡನ್ನೂ ಒಂದೇ ಬೆಳಗ್ಗೆ ನೋಡಬೇಕು ಎನ್ನುವುದು ಅದಕ್ಕೇ.

ರಾಜಾಸೀಟು, ಅಬ್ಬಿ ಜಲಪಾತ ಇವತ್ತು ಬೇಡ. ಇನ್ನೊಮ್ಮೆ ಬರಬಹುದಲ್ವಾ?

ನಾಲ್ಕು: ಊಟ

ನಾಪೋಕ್ಲು ಕಡೆಯ ಹೋಮ್‌ಸ್ಟೇ ಒಂದಕ್ಕೆ ಹಿಂದಿನ ದಿನವೇ ಹೇಳಿಡಿ. ಕಡಂಬುಟ್ಟು (ಅಕ್ಕಿತರಿಯ ಉಂಡೆ), ಪಂದಿ ಕರಿ (ಹಂದಿ ಮಾಂಸದ ಸಾರು) ಇದ್ದೇ ಇರುತ್ತದೆ. ಸಸ್ಯಾಹಾರಿಗಳು ಎಷ್ಟು ಜನ ಎಂದೂ ಆಗಲೇ ತಿಳಿಸಿ. ಐನ್‌ಮನೆಯವರು ಕಾಫಿ ಕೊಟ್ಟರೆ ಕುಡಿಯಿರಿ, ಊಟದ ಹೊರೆ ಮಾತ್ರ ಅವರ ಮೇಲೆ ಹಾಕಬೇಡಿ.

ಐದು: ಮಧ್ಯಾಹ್ನ ನಾಲ್ಕುನಾಡು ಅರಮನೆ

ಐನ್‌ಮನೆ ನೋಡಿದ ಮೇಲೆಯೇ ಇಲ್ಲಿಗೆ ಬನ್ನಿ, ಊಟವಾದ ಮೇಲೆ ಮೊದಲು ಅಲ್ಲಿಗೆ ಹೋಗಿ. ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ, ದೊಡ್ಡವೀರರಾಜೇಂದ್ರ 1792ರಿಂದ 1794ರ ನಡುವೆ ಕಟ್ಟಿಸಿದ ಎರಡಂತಸ್ತಿನ ಮನೆ. ಅರಮನೆ ಎಂದು ಹೆಸರು. ಆದರೆ ಮರದ ಕೆತ್ತನೆ, ಹೆಂಚಿನ ಮಾಡು ನೋಡಿದರೆ ಈಗಷ್ಟೇ ಬಿಟ್ಟು ಬಂದ ಐನ್‌ಮನೆಯೇ ನೆನಪಾಗುತ್ತದೆ. ಗೋಡೆಯ ಚಿತ್ರಗಳನ್ನು ಮುಟ್ಟಬೇಡಿ. ಎದುರಿಗಿರುವುದು ರಾಜನ ಮದುವೆಯ ಮಂಟಪ. 1834ರಲ್ಲಿ ಬ್ರಿಟಿಷರು ಬಂದಾಗ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಆಶ್ರಯ ಪಡೆದದ್ದೂ ಇಲ್ಲೇ. ಒಳಗಿನ ಕತ್ತಲು ಕೋಣೆಗಳಲ್ಲಿ ಐದು ನಿಮಿಷ ಮಾತಾಡದೆ ನಿಂತುಕೊಳ್ಳಿ.

ಐದು ಗಂಟೆಗೆ ಗಾಡಿ ಹತ್ತಿಸಿ, ತಲೆ ಎಣಿಸಿ ಹೊರಡಿ. ಕತ್ತಲಾದ ಮೇಲೆ ತೋಟದ ರಸ್ತೆಗೆ ಆನೆ ಇಳಿಯುತ್ತದೆ.