ಫೋಮ್ ಹಾಸಿಗೆ ತರಿಸುವ ಮುನ್ನ: ಬೇ ಏರಿಯಾಕ್ಕೆ ಹೊಸದಾಗಿ ಬಂದವರಿಗೆ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಈ ಬೇ ಏರಿಯಾದಲ್ಲಿ ಮನೆ ಹಿಡಿದ ಕುಟುಂಬಗಳು ಮೊದಲ ವಾರದಲ್ಲೇ ಆನ್‌ಲೈನ್‌ನಲ್ಲಿ ತರಿಸುವ ದೊಡ್ಡ ವಸ್ತು ಹಾಸಿಗೆ. ಗಾಳಿ ತೆಗೆದು, ಸುರುಳಿ ಸುತ್ತಿ, ಪೆಟ್ಟಿಗೆಯಲ್ಲಿ ತುಂಬಿ ಬಾಗಿಲಿಗೆ ತಂದಿಡುತ್ತಾರೆ. ಅಗ್ಗದ್ದೂ ದುಬಾರಿಯದೂ ಚಿತ್ರದಲ್ಲಿ ಒಂದೇ ಥರ ಬೆಳ್ಳಗೆ ಕಾಣುತ್ತವೆ. ಆಯ್ಕೆ ಮಾಡುವಾಗ ಗಟ್ಟಿತನವನ್ನೂ ಬಾಳಿಕೆಯನ್ನೂ ಬೇರೆ ಬೇರೆಯಾಗಿ ನೋಡಿ. ಗಟ್ಟಿಯಾದದ್ದು ಹೆಚ್ಚು ದಿನ ಬಾಳುತ್ತದೆ ಎಂಬ ನಮ್ಮ ರೂಢಿಯ ಲೆಕ್ಕ ಫೋಮ್‌ನ ಮಟ್ಟಿಗೆ ನಡೆಯುವುದಿಲ್ಲ.

ಗಟ್ಟಿತನವನ್ನು ಮಾರುವವರು 1ರಿಂದ 10ರವರೆಗಿನ ಅಂಕೆಯಲ್ಲಿ ಹೇಳುತ್ತಾರೆ. ಇದಕ್ಕೆ ಎಲ್ಲರೂ ಒಪ್ಪಿದ ಮಾನದಂಡವಿಲ್ಲ. ಒಬ್ಬರ 6 ಇನ್ನೊಬ್ಬರ 7 ಆಗಿರಬಹುದು. ಹತ್ತಿಯ ಅಥವಾ ತೆಂಗಿನ ನಾರಿನ ಹಾಸಿಗೆಯ ಮೇಲೆ ಮಲಗಿ ಬೆಳೆದವರಿಗೆ ಇಲ್ಲಿನ ‘ಮೀಡಿಯಂ’ ತೀರಾ ಮೆತ್ತಗೆ ಎನಿಸುವುದು ಸಹಜ. ಅಂಥವರು ‘ಮೀಡಿಯಂ ಫರ್ಮ್’ನಿಂದ ಹುಡುಕಲು ಶುರು ಮಾಡುವುದು ಒಳ್ಳೆಯದು. ಮಗ್ಗುಲಾಗಿ ಮಲಗುವವರಿಗೆ ಭುಜ, ಸೊಂಟ ಒತ್ತದಂತೆ ತುಸು ಮೆತ್ತನೆಯದೇ ಹಿತ. ದೇಹದ ತೂಕವೂ ಲೆಕ್ಕಕ್ಕೆ ಬರುತ್ತದೆ: ತೆಳ್ಳಗಿನ ಹೆಂಡತಿಗೆ ಗಟ್ಟಿ ಎನಿಸಿದ ಹಾಸಿಗೆಯೇ ದಪ್ಪ ಗಂಡನಿಗೆ ಕುಸಿದಂತೆ ಅನಿಸಬಹುದು. ಮೆಮೊರಿ ಫೋಮ್ (ಮೈಯ ಆಕಾರಕ್ಕೆ ತಗ್ಗಿ ನಿಧಾನವಾಗಿ ಮೇಲೇಳುವ ಫೋಮ್) ಚಳಿಗೆ ಬಿಗಿಯಾಗುತ್ತದೆ, ಮೈಯ ಬಿಸಿಗೆ ಸಡಿಲವಾಗುತ್ತದೆ. ಡಿಸೆಂಬರಿನ ತಣ್ಣನೆಯ ಕೋಣೆಯಲ್ಲಿ ಬಿಚ್ಚಿದ ದಿನವೇ ತೀರ್ಪು ಕೊಡಬೇಡಿ.

ಬಾಳಿಕೆಯನ್ನು ಹೇಳುವುದು ಡೆನ್ಸಿಟಿ. ಊರಿನ ಹಾಸಿಗೆ ಅಂಗಡಿಯಲ್ಲಿ ‘32 ಡೆನ್ಸಿಟಿ’, ‘40 ಡೆನ್ಸಿಟಿ’ ಎಂದು ಕೇಳಿರುತ್ತೀರಿ. ಅದು ಒಂದು ಘನ ಮೀಟರಿಗೆ ಎಷ್ಟು ಕಿಲೋ ಎಂಬ ಲೆಕ್ಕ. ಇಲ್ಲಿ ಒಂದು ಘನ ಅಡಿಗೆ ಎಷ್ಟು ಪೌಂಡ್ ಎಂದು ಹೇಳುತ್ತಾರೆ. ಊರಿನ ಅಂಕೆಯನ್ನು 16ರಿಂದ ಭಾಗಿಸಿದರೆ ಇಲ್ಲಿನದು ಸಿಗುತ್ತದೆ: ನಮ್ಮ 32 ಇಲ್ಲಿ 2, ನಮ್ಮ 40 ಇಲ್ಲಿ ಎರಡೂವರೆ. ದಿನವೂ ದೊಡ್ಡವರು ಮಲಗುವ ಹಾಸಿಗೆಯಾದರೆ ತಳದ ಫೋಮ್ 1.8 ಪೌಂಡಿಗಿಂತ ಕಡಿಮೆ ಇರಬಾರದು. ಮೇಲಿನ ಮೆಮೊರಿ ಫೋಮ್ ಪದರ 4 ಪೌಂಡಿನ ಆಸುಪಾಸಿನಲ್ಲಿದ್ದರೆ ಭರವಸೆ ಇಡಬಹುದು. 3ಕ್ಕಿಂತ ಕೆಳಗಿದ್ದರೆ ಬೇಗ ಗುಳಿ ಬೀಳುತ್ತದೆ. ಮೊದಲು ಸವೆಯುವುದು ಈ ಮೇಲಿನ ಎರಡು ಮೂರು ಇಂಚೇ. ‘12 ಇಂಚು ದಪ್ಪ’ ಎಂಬ ಜಾಹೀರಾತಿಗಿಂತ ಯಾವ ಪದರ ಎಷ್ಟು ಇಂಚು, ಯಾವ ಡೆನ್ಸಿಟಿ ಎಂಬುದು ಮುಖ್ಯ.

ಮಾರುವವರಲ್ಲಿ ಅನೇಕರು ಇದನ್ನು ಬರೆಯುವುದೇ ಇಲ್ಲ. ಚಾಟ್‌ನಲ್ಲಿ ಕೇಳಿ; ಉತ್ತರ ಬಾರದಿದ್ದರೆ ತೂಕ ನೋಡಿ. ಡೆನ್ಸಿಟಿ ಮುಚ್ಚಿಟ್ಟವರೂ ತೂಕವನ್ನು ಸಾಮಾನ್ಯವಾಗಿ ಬರೆದಿರುತ್ತಾರೆ! ಕ್ವೀನ್ ಹಾಸಿಗೆ 60 ಇಂಚು ಅಗಲ, 80 ಇಂಚು ಉದ್ದ. ದಪ್ಪ 10 ಇಂಚಾದರೆ ಮೂರನ್ನೂ ಗುಣಿಸಿ 1728ರಿಂದ ಭಾಗಿಸಿ: ಸುಮಾರು 27.8 ಘನ ಅಡಿ. ಅದರ ತೂಕ 45 ಪೌಂಡ್ ಎಂದಿದ್ದರೆ, ತೂಕವನ್ನು ಈ ಘನ ಅಡಿಯಿಂದ ಭಾಗಿಸಿ: ಸರಾಸರಿ ಡೆನ್ಸಿಟಿ 1.6, ಕವರಿನ ತೂಕ ಕಳೆದರೆ ಇನ್ನೂ ಕಡಿಮೆ. ಅತಿಥಿಗಳ ಕೋಣೆಗೆ ಸಾಕು, ನಿಮ್ಮ ಬೆನ್ನಿಗೆ ಬೇಡ. 75 ಪೌಂಡ್ ಇದ್ದರೆ 2.7 ಬರುತ್ತದೆ, ಮಾತು ಮುಂದುವರಿಸಬಹುದು. ಸ್ಪ್ರಿಂಗ್ ಬೆರೆತ ಹೈಬ್ರಿಡ್ ಹಾಸಿಗೆಗೆ ಈ ಲೆಕ್ಕ ಹೊಂದದು.

‘ಸರ್ಟಿಪುರ್’ ಮುದ್ರೆ ಇರಲಿ, ಒಳ್ಳೆಯದೇ. ಆದರೆ ಅದು ಫೋಮ್‌ನಲ್ಲಿ ಫಾರ್ಮಾಲ್ಡಿಹೈಡ್‌ನಂಥ ಕೆಲವು ರಾಸಾಯನಿಕಗಳ ಬಗ್ಗೆ ಕೊಡುವ ಭರವಸೆ, ಹತ್ತು ವರ್ಷ ಬಾಳುತ್ತದೆ ಎಂಬ ಮಾತಲ್ಲ.

ಪುಟ್ಟ ಮಕ್ಕಳಿರುವ ಮನೆಯವರು ಇದನ್ನು ಗಮನವಿಟ್ಟು ಓದಬೇಕು. ಹಾಸಿಗೆಗೆ ಬೆಂಕಿ ಹರಡದಂತೆ ತಡೆಯುವ ಅಮೆರಿಕದ ಕೇಂದ್ರ ಸರ್ಕಾರದ ನಿಯಮ 2007ರಿಂದ ಎಲ್ಲ ಹಾಸಿಗೆಗಳಿಗೂ ಜಾರಿಯಲ್ಲಿದೆ. ಅದನ್ನು ಪಾಲಿಸಲು ಅಗ್ಗದ ಕೆಲವು ಹಾಸಿಗೆಗಳಲ್ಲಿ ಹೊರಗವಸಿನ ಒಳಗೆ ಗಾಜಿನ ನಾರಿನ ಚೀಲ ತೊಡಿಸಿರುತ್ತಾರೆ. ಮಗು ಹಾಸಿಗೆ ಒದ್ದೆ ಮಾಡಿತೆಂದು ಜಿಪ್ ಎಳೆದು ಕವರ್ ಒಗೆಯಲು ಹೋದರೆ ಕಣ್ಣಿಗೆ ಕಾಣದ ಚೂರುಗಳು ಕಾರ್ಪೆಟ್, ಬಟ್ಟೆ, ಹೀಟರಿನ ಕೊಳವೆಯವರೆಗೂ ಹರಡುತ್ತವೆ. ತೆಗೆಯುವುದು ಮಹಾ ಕಷ್ಟ. ಲೇಬಲ್‌ನಲ್ಲಿ ‘ಗ್ಲಾಸ್ ಫೈಬರ್’ ಎಂದು ಶೇಕಡಾವಾರು ಬರೆದಿದ್ದರೆ ಬಿಟ್ಟುಬಿಡಿ. ಕ್ಯಾಲಿಫೋರ್ನಿಯಾದಲ್ಲಿ ಇಂಥವುಗಳ ಮಾರಾಟಕ್ಕೆ 2027ರ ಜನವರಿಯಿಂದ ನಿಷೇಧವಿದೆ. ಯಾವ ಹಾಸಿಗೆಯಾದರೂ ನೀರು ಇಳಿಯದ ಪ್ರೊಟೆಕ್ಟರ್ ಮೊದಲ ದಿನವೇ ಹಾಕಿ. ಕಲೆಯಾದರೆ ಸಾಮಾನ್ಯವಾಗಿ ವಾರಂಟಿಯೂ ಹೋಗುತ್ತದೆ.

ಆ ವಾರಂಟಿಯ ಸಣ್ಣಕ್ಷರ ಓದಿ. ಹಾಸಿಗೆಯ ಮೇಲೆ ಯಾರೂ ಇಲ್ಲದಾಗಲೂ 1 ಇಂಚು, ಕೆಲವರಲ್ಲಿ ಒಂದೂವರೆ ಇಂಚು ಗುಳಿ ಉಳಿದರೆ ಮಾತ್ರ ದೋಷವೆಂದು ಒಪ್ಪುತ್ತಾರೆ. ಮಂಚದ ಅಡ್ಡಪಟ್ಟಿಗಳ ನಡುವಿನ ಅಂತರಕ್ಕೂ ಷರತ್ತು ಇರುತ್ತದೆ, ಹೆಚ್ಚಾಗಿ 3 ಇಂಚು. ನನಗೆ ಕೇಳಿದರೆ ಹತ್ತು ವರ್ಷದ ವಾರಂಟಿಗಿಂತ ನೂರು ರಾತ್ರಿಯ ಪ್ರಯೋಗಾವಧಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅಲ್ಲಿಯೂ ಕನಿಷ್ಠ ಎಷ್ಟು ದಿನ ಬಳಸಬೇಕು, ವಾಪಸು ಒಯ್ಯುವ ಖರ್ಚು ಯಾರದು ಎಂದು ಮೊದಲೇ ತಿಳಿದುಕೊಳ್ಳಿ.

ಮಂಚ ಬರುವ ತನಕ ಎಂದು ಕಾರ್ಪೆಟ್ ಮೇಲೇ ಹಾಸಿಕೊಂಡು ತಿಂಗಳುಗಟ್ಟಲೆ ಮಲಗುವ ಅಭ್ಯಾಸ ನಮ್ಮವರಲ್ಲಿ ಬಹಳ. ಅಡಿಯಲ್ಲಿ ಗಾಳಿಯಾಡದೆ ಬೆವರಿನ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಅನಿವಾರ್ಯವಾದರೆ ಆಗಾಗ ಗೋಡೆಗೆ ಎತ್ತಿ ಒರಗಿಸಿ.

ಅಪ್ಪ ಅಮ್ಮ ಬಂದು ತಿಂಗಳುಗಟ್ಟಲೆ ಇರುವವರಿದ್ದರೆ ಅವರ ಹಾಸಿಗೆಯ ಅಂಚನ್ನು ಮುಖ್ಯವಾಗಿ ನೋಡಿ. ಮಂಡಿನೋವಿನವರು ಅಂಚಿನಲ್ಲಿ ಕೂತು, ಕೈಯೂರಿ ಏಳುತ್ತಾರೆ. ಬರೀ ಫೋಮ್‌ನ ಅಂಚು ಅಲ್ಲೇ ಕುಸಿಯುತ್ತದೆ. 12 ಇಂಚಿನ ಹಾಸಿಗೆಯನ್ನು ಬಾಕ್ಸ್ ಸ್ಪ್ರಿಂಗ್ (ಹಾಸಿಗೆಯ ಅಡಿಗೆ ಇಡುವ ಎತ್ತರದ ಪೆಟ್ಟಿಗೆಯಂಥ ಆಧಾರ) ಮೇಲಿಟ್ಟರೆ ಗಿಡ್ಡಗಿರುವ ಅಮ್ಮನ ಕಾಲು ನೆಲಕ್ಕೆ ಎಟುಕುವುದಿಲ್ಲ. ಅವರಿಗೆ 8 ಇಂಚಿನ ಗಟ್ಟಿ ಹಾಸಿಗೆ, ತಗ್ಗಿನ ಮಂಚ ಸಾಕು.

ಹಬ್ಬದ ರಿಯಾಯಿತಿಯಂತೆ ಇಲ್ಲಿ ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ, ಮೇ ಕೊನೆಯ ಮೆಮೋರಿಯಲ್ ಡೇ, ಸೆಪ್ಟೆಂಬರಿನ ಲೇಬರ್ ಡೇ, ನವೆಂಬರಿನ ಬ್ಲ್ಯಾಕ್ ಫ್ರೈಡೇ ಹೊತ್ತಿಗೆ ಬೆಲೆ ಇಳಿಯುತ್ತದೆ. ಬಿಲ್ಲಿನಲ್ಲಿ ಮರುಬಳಕೆಯ ಶುಲ್ಕವೊಂದು ಸೇರಿರುತ್ತದೆ, ಗಾಬರಿಯಾಗಬೇಡಿ; ಅದು ರಾಜ್ಯದ ಕಾನೂನು. ಹಳೆಯ ಹಾಸಿಗೆಯನ್ನು ಕಸದ ಡಬ್ಬಿಯ ಪಕ್ಕ ಒರಗಿಸಿ ಬರದೆ, ಆ ಹಣದಿಂದಲೇ ನಡೆಯುವ ‘ಬೈ ಬೈ ಮ್ಯಾಟ್ರೆಸ್’ ಕೇಂದ್ರಕ್ಕೆ ಉಚಿತವಾಗಿ ಒಪ್ಪಿಸಬಹುದು.