ಗೊತ್ತಿರುವ ಪದವೇ ದಾರಿ ತಪ್ಪಿಸಿದಾಗ: ಬೈಬಲಿನ ಮಾತುಗಳನ್ನು ಬಿಡಿಸಿ ಓದುವ ಕ್ರಮ

ಅಪೊಸ್ತಲ, ಸುನ್ನತಿ, ಪಸ್ಕ ಎಂಬ ಪದ ಬಂದರೆ ಬೈಬಲ್ ಓದುವವರು ನಿಂತು ಯಾರನ್ನಾದರೂ ಕೇಳುತ್ತಾರೆ. ಭಯ, ಲೋಕ, ನಂಬಿಕೆ, ಕೃಪೆ ಬಂದಾಗ ನಿಲ್ಲುವುದಿಲ್ಲ. ದಿನಬಳಕೆಯ ಅರ್ಥವನ್ನೇ ಇಟ್ಟುಕೊಂಡು ಮುಂದೆ ಸಾಗುತ್ತಾರೆ, ನಾಲ್ಕು ವಾಕ್ಯ ಕಳೆದ ಮೇಲೆ ತೊಡಕಾಗುತ್ತದೆ. ಅಧ್ಯಯನ ಕೂಟ ನಡೆಸುವವರು, ಹೊಸಬರಿಗೆ ಕಲಿಸುವವರು ಮೊದಲು ಹಿಡಿಯಬೇಕಾದದ್ದು ಇಂಥ ಪದಗಳನ್ನೇ.

ಓದಬೇಕಾದ ಭಾಗವನ್ನು ಒಮ್ಮೆ ಗಟ್ಟಿಯಾಗಿ ಓದಿ, ಮನೆಯಲ್ಲೂ ಕಚೇರಿಯಲ್ಲೂ ಬಳಸುವ, ಆದರೆ ಇಲ್ಲಿ ಹೆಚ್ಚಿನ ಭಾರ ಹೊತ್ತಿರುವ ಪದಗಳಿಗೆ ಗೆರೆ ಹಾಕಿ. ಒಂದು ಕೂಟಕ್ಕೆ ಎರಡು ಪದ ಸಾಕು. ಐದಾರು ಹಿಡಿದರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ.

ಆಮೇಲೆ ದಿನಬಳಕೆಯ ಅರ್ಥವನ್ನೇ ಹಾಕಿ ವಾಕ್ಯ ನಿಲ್ಲುತ್ತದೆಯೇ ನೋಡಿ. ವಿಮೋಚನಕಾಂಡ 20:20ರಲ್ಲಿ ಮೋಶೆ ಜನರಿಗೆ ಹೆದರಬೇಡಿ ಎನ್ನುತ್ತಾನೆ. ಅಲ್ಲೇ, ನೀವು ಪಾಪ ಮಾಡದಂತೆ ದೇವರ ಭಯ ನಿಮ್ಮಲ್ಲಿರಬೇಕು ಎಂದೂ ಹೇಳುತ್ತಾನೆ. ಎರಡು ಕಡೆಯೂ ಒಂದೇ ಅರ್ಥ ಹಾಕಿದರೆ ಮಾತು ಮುರಿಯುತ್ತದೆ. ಮೊದಲನೆಯದು ಓಡಿಸುವ ಭಯ, ಎರಡನೆಯದು ತಪ್ಪಿಗೆ ಕೈ ಹಾಕದಂತೆ ತಡೆಯುವ ಭಯ. ‘ಭಯಭಕ್ತಿ’ ಎಂಬ ನಮ್ಮ ಜೋಡಿಪದ ಇದಕ್ಕೆ ಹತ್ತಿರ. ಹಾಗೆಂದು ‘ಭಯ ಅಂದರೆ ಬರೀ ಗೌರವ’ ಎಂದು ತೆಳುವಾಗಿಸಬೇಡಿ. ಆ ಜನರ ಎದುರಿಗೆ ಗುಡುಗು, ಮಿಂಚು, ಹೊಗೆಯಾಡುವ ಬೆಟ್ಟ ಇತ್ತು.

ವಾಕ್ಯ ಮುರಿದರೆ ಅದೇ ಪದ ಬರುವ ಇನ್ನೂ ಎರಡು ಮೂರು ಕಡೆ ತೆರೆದು ನೋಡಿ. ಬೈಬಲ್ ಆ್ಯಪ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಯೋಹಾನ 3:16ರಲ್ಲಿ ದೇವರು ಲೋಕವನ್ನು ಪ್ರೀತಿಸುತ್ತಾನೆ. 1 ಯೋಹಾನ 2:15 ಲೋಕವನ್ನು ಪ್ರೀತಿಸಬೇಡಿ ಎನ್ನುತ್ತದೆ. ಮೊದಲನೆಯದರಲ್ಲಿ ಲೋಕವೆಂದರೆ ಜನ. ಎರಡನೆಯದರಲ್ಲಿ ಏನೆಂದು ಮುಂದಿನ ವಚನವೇ ಹೇಳುತ್ತದೆ: ಶರೀರದ ಆಸೆ, ಕಣ್ಣಿನ ಆಸೆ, ಬದುಕಿನ ಡಂಬ. ಒಂದು ವಚನ ಮುಂದೆ ಓದದವರು ನೆರೆಹೊರೆಯವರನ್ನೇ ದೂರವಿಡಲು ಹೊರಡುತ್ತಾರೆ.

‘ಶರೀರ’ದ್ದೂ ಇದೇ ಕಥೆ. ಗಲಾತ್ಯ 5:19-21ರಲ್ಲಿ ಶರೀರದ ಕೆಲಸಗಳ ಪಟ್ಟಿಯಿದೆ. ಜಾರತನ, ಕುಡಿತದ ಜೊತೆಗೆ ಹಗೆತನ, ಜಗಳ, ಹೊಟ್ಟೆಕಿಚ್ಚು, ಪಕ್ಷಭೇದಗಳೂ ಅದರಲ್ಲಿವೆ. ಹೊಟ್ಟೆಕಿಚ್ಚಿಗೆ ಮೈ ಬೇಕಾಗಿಲ್ಲ. ಅಂದಮೇಲೆ ಇಲ್ಲಿ ಶರೀರವೆಂದರೆ ದೇವರನ್ನು ಬಿಟ್ಟು ನಡೆಯುವ ಮನುಷ್ಯ ಸ್ವಭಾವ.

ಇನ್ನು ಕ್ರಿಯಾಪದ. ಯಾರು ಮಾಡುತ್ತಾರೆ, ಯಾವ ಪ್ರತ್ಯಯದ ಜೊತೆ ಬಂದಿದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ, ಆದರೆ ಹೆಚ್ಚು ಸಹಾಯವಾಗುವುದು ಇದರಿಂದಲೇ. ‘ದೇವರು ಒಬ್ಬನೇ ಎಂದು ನಂಬು’ ಬೇರೆ, ‘ದೇವರನ್ನು ನಂಬು’ ಬೇರೆ. ಮೊದಲನೆಯದನ್ನು ದೆವ್ವಗಳೂ ನಂಬಿ ನಡುಗುತ್ತವೆ ಎನ್ನುತ್ತಾನೆ ಯಾಕೋಬ (2:19). ಎರಡನೆಯದು ಆದಿಕಾಂಡ 15:6ರಲ್ಲಿ, ಸಂತಾನ ಕೊಡುವೆನೆಂದ ದೇವರ ಮಾತು ಕೇಳಿ ಮಕ್ಕಳಿಲ್ಲದ ಅಬ್ರಾಮ ಮಾಡಿದ್ದು. ‘ನಿಮ್ಮನ್ನು ನಂಬಿ ಸಾಲ ಕೊಟ್ಟೆ’ ಎನ್ನುವಾಗಿನ ನಂಬಿಕೆ ಇದಕ್ಕೆ ಹತ್ತಿರ; ‘ಮೂಢನಂಬಿಕೆ’ಯಲ್ಲಿರುವ ನಂಬಿಕೆ ದೂರ. ದಿನಬಳಕೆಯ ಅರ್ಥವೆಂದರೆ ಯಾವಾಗಲೂ ತಪ್ಪು ಅರ್ಥವೆಂದು ತಿಳಿಯಬಾರದು.

ಅದೇ ವಚನದಲ್ಲಿ ‘ನೀತಿ’ಯೂ ಇದೆ: ಅಬ್ರಾಮನ ನಂಬಿಕೆಯನ್ನು ದೇವರು ನೀತಿಯೆಂದು ಎಣಿಸಿದ. ನೀತಿಕಥೆಯ ನೀತಿ ನಾವು ನಡೆದು ತೋರಿಸುವಂಥದ್ದು. ಇಲ್ಲಿ ಎಣಿಸುವವನು ದೇವರು, ಅಬ್ರಾಮ ಎಣಿಸಿಕೊಳ್ಳುವವನು. ಇದನ್ನು ವಿವರಿಸುತ್ತಾ ಪೌಲನು ರೋಮಾಪುರ 4:4ರಲ್ಲಿ ದುಡಿದವನಿಗೆ ಸಿಗುವುದು ಕೂಲಿ, ಕೃಪೆಯಲ್ಲ ಎನ್ನುತ್ತಾನೆ. ‘ಸಾಹೇಬರ ಕೃಪೆಯಿಂದ ಕೆಲಸ ಸಿಕ್ಕಿತು’ ಎನ್ನುವಾಗ ಋಣದ ವಾಸನೆ ಇರುತ್ತದೆ, ಪೌಲನ ಮಾತಿನಲ್ಲಿ ಅದಿಲ್ಲ.

ಇದರ ತಿರುಗುಮುರುಗು ತಪ್ಪೂ ಉಂಟು: ಎಲ್ಲ ಕಡೆ ಧಾರ್ಮಿಕ ಅರ್ಥ ತುಂಬುವುದು. ಅಪೊಸ್ತಲರ ಕೃತ್ಯಗಳು 27ರಲ್ಲಿ 276 ಜನರಿದ್ದ ಹಡಗು ಬಿರುಗಾಳಿಗೆ ಸಿಕ್ಕಾಗ ‘ರಕ್ಷಣೆ’ಗೆ ಬಳಸುವ ಗ್ರೀಕ್ ಕ್ರಿಯಾಪದವೇ ಬರುತ್ತದೆ. ಅಲ್ಲಿ ಅದರ ಅರ್ಥ ಮುಳುಗದೆ ಬದುಕಿ ಉಳಿಯುವುದು, ಅಷ್ಟೇ. 19ನೇ ಅಧ್ಯಾಯದಲ್ಲಿ ಎಫೆಸ ಪಟ್ಟಣದ ಗದ್ದಲದ ಗುಂಪನ್ನು ಕರೆದಿರುವುದು ಕ್ರೈಸ್ತ ‘ಸಭೆ’ಗೆ ಬಳಸುವ ಎಕ್ಲೇಸಿಯಾ ಎಂಬ ಪದದಿಂದಲೇ. ಯಾಕೆ ಕೂಡಿದ್ದೇವೆಂದು ಅಲ್ಲಿದ್ದ ಹೆಚ್ಚಿನವರಿಗೆ ಗೊತ್ತಿರಲಿಲ್ಲವಂತೆ. (ಇದು ಕೆಲವು ಸಭೆಗಳಿಗೆ ಇವತ್ತಿಗೂ ಹೊಂದುವ ಮಾತು.)

ಪಂಗಡದಿಂದ ಪಂಗಡಕ್ಕೂ ಅರ್ಥ ಬದಲಾಗುತ್ತದೆ. ಕಥೋಲಿಕರಲ್ಲಿ ಸಂತ ಎಂದರೆ ಧರ್ಮಸಭೆ ಅಧಿಕೃತವಾಗಿ ಘೋಷಿಸಿದ ವ್ಯಕ್ತಿ. ಪೌಲನಾದರೋ ಕೊರಿಂಥ ಪಟ್ಟಣದ ಜಗಳಗಂಟ ಸಭೆಯವರನ್ನೇ ಪವಿತ್ರರು, ಅಂದರೆ ಸಂತರು, ಎಂದು ಕರೆಯುತ್ತಾನೆ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿ ಒಬ್ಬರಿಗೆ ಪರಮಪ್ರಸಾದ, ಇನ್ನೊಬ್ಬರಿಗೆ ಕರ್ತನ ಭೋಜನ. ಮಿಶ್ರ ಕೂಟವಾದರೆ ಯಾವ ಪದ ಬಳಸುತ್ತೀರಿ ಎಂದು ಮೊದಲೇ ಹೇಳಿಬಿಡಿ.

ಕೊನೆಗೆ ಸಭೆಯ ಪದ ಒಂದೂ ಬಾರದಂತೆ ಹದಿನೈದು ಪದಗಳೊಳಗೆ ವಿವರಣೆ ಬರೆಯಿರಿ. ‘ಮಾನಸಾಂತರ’ವನ್ನು ‘ಪಶ್ಚಾತ್ತಾಪ’ ಎಂದರೆ ಕೆಲಸ ಅರ್ಧಕ್ಕೇ ನಿಂತಂತೆ. ಯೇಸುವನ್ನು ಹಿಡಿದುಕೊಟ್ಟು ಪಡೆದ ಮೂವತ್ತು ಬೆಳ್ಳಿ ನಾಣ್ಯ ಹಿಂದಿರುಗಿಸಿದ ಯೂದನೂ ಪರಿತಪಿಸಿದ, ಆದರೆ ಯೇಸುವಿನ ಬಳಿಗೆ ತಿರುಗಲಿಲ್ಲ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವುದಾಗಿ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುವುದಾಗಿ ಹೇಳಿದ. ಹಾಗಾಗಿ: ‘ಹಿಡಿದ ದಾರಿ ಬಿಟ್ಟು ದೇವರ ಕಡೆ ತಿರುಗಿ, ಕೆಡಿಸಿದ್ದನ್ನು ಸರಿಪಡಿಸತೊಡಗುವುದು.’ ಕೇಳಿದವರಿಂದ ಅದನ್ನೇ ಅವರ ಮಾತಿನಲ್ಲಿ ಹೇಳಿಸಿ. ಉತ್ತರವಾಗಿ ‘ಮಾನಸಾಂತರ’ ಎಂಬ ಪದವೇ ಮರಳಿ ಬಂದರೆ ಇನ್ನೊಂದು ಉದಾಹರಣೆ ಕೊಡಿ. ಅರ್ಥವಾದ ಮೇಲೆ ಮೂಲಪದವನ್ನೇ ಬಳಸುತ್ತಾ ಹೋಗಿ, ಹಾಡಿನಲ್ಲೂ ಪ್ರಾರ್ಥನೆಯಲ್ಲೂ ಅವರ ಕಿವಿಗೆ ಬೀಳುವುದು ಅದೇ.