ಐಒಕ್ಯೂಎಂ ತಯಾರಿಗೆ ಹಳೆಯ ಪೇಪರ್ ಸಾಕು

ವಿಜಯಪುರದ ಪಾಲಕರಿಗೆಲ್ಲ ನಮಸ್ಕಾರ. ಗಣಿತ ಒಲಿಂಪಿಯಾಡ್‌ನ ಮೊದಲ ಹಂತವಾದ ಐಒಕ್ಯೂಎಂಗೆ ಮಕ್ಕಳನ್ನು ಕೂರಿಸ್ತಿದ್ದೀರಾ? ದಪ್ಪ ಗೈಡ್ ಕೊಳ್ಳುವ ಮೊದಲು ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ವೆಬ್‌ಸೈಟ್‌ನಿಂದ ಹಳೆಯ ಪ್ರಶ್ನೆಪತ್ರಿಕೆ ಇಳಿಸಿಕೊಳ್ಳಿ. ದುಡ್ಡು ಕೊಡಬೇಕಿಲ್ಲ. ಮೂರು ತಾಸು, 30 ಪ್ರಶ್ನೆ. ಎ, ಬಿ, ಸಿ, ಡಿ ಆಯ್ಕೆ ಇರುವುದಿಲ್ಲ. ಉತ್ತರ 00ರಿಂದ 99ರೊಳಗಿನ ಒಂದು ಸಂಖ್ಯೆ.

ಮೊನ್ನೆ ರಾತ್ರಿ ಊಟ ಆದ ಮೇಲೆ ಒಂಬತ್ತನೇ ಕ್ಲಾಸಿನ ಮಗಳಿಗೆ ಒಂದು ಲೆಕ್ಕ ಕೊಟ್ಟೆ: 7ರ ಘಾತ 100, ಅದರ ಕೊನೆಯ ಎರಡು ಅಂಕಿ ಯಾವುವು? ಮೊದಲು ಗಾಬರಿಯಾದಳು. ಆಮೇಲೆ ಸುಮ್ನೆ ಬರೆಯುತ್ತಾ ಹೋದಳು. 07, 49, 43, 01, ಮತ್ತೆ 07! ನಾಲ್ಕಕ್ಕೊಮ್ಮೆ ಅದೇ ತಿರುಗಿ ಬರುತ್ತೆ ಅಂತ ಗೊತ್ತಾದಾಗ ಅವಳ ಮುಖ ನೋಡಬೇಕಿತ್ತು. 100 ನಾಲ್ಕರಿಂದ ಪೂರ್ತಿ ಭಾಗವಾಗುತ್ತೆ, ಹಾಗಾಗಿ ಉತ್ತರ 01. ಆದರೆ ಉತ್ತರದ ಗುಂಡಿ ತುಂಬುವ ಓಎಂಆರ್ ಹಾಳೆಯಲ್ಲಿ ಬರೀ 1 ತುಂಬಿದ್ದಳು. ಮುಂದಿನ ಸೊನ್ನೆಯನ್ನೂ ತುಂಬಬೇಕು, ಇದನ್ನು ಮನೆಯಲ್ಲೇ ರೂಢಿ ಮಾಡಿಸಿ.

ಒಂದೇ ಲೆಕ್ಕಕ್ಕೆ ಅರ್ಧ ತಾಸು ಹೋದರೂ ಉತ್ತರ ಹೇಳಿಕೊಡಬೇಡಿ. ಹಂತಗಳನ್ನು ನೋಟ್‌ಬುಕ್‌ನಲ್ಲಿ ಬರೆಸಿ. ಮುಂದಿನ ಹಂತವಾದ ಆರ್‌ಎಂಒದಲ್ಲಿ (ಪ್ರಾದೇಶಿಕ ಗಣಿತ ಒಲಿಂಪಿಯಾಡ್) ಉತ್ತರವಷ್ಟೇ ಸಾಲದು, ಪೂರ್ತಿ ಸಾಧಿಸಿ ತೋರಿಸಬೇಕು.